ನೆಪೋಲಿಯನ್ ಬಿದ್ದಿದ್ದು ಚಳಿಗಾ, ಹಸಿವಿಗಾ?

ದಂಡಿನ_ದಾರಿ:
ಶಾಲೆಯಲ್ಲಿ ನಮಗೆಲ್ಲ ಹೇಳಿಕೊಟ್ಟಿದ್ದು ಒಂದೇ ಕಥೆ. ನೆಪೋಲಿಯನ್ ರಷ್ಯಾಕ್ಕೆ ಹೋದ, ಚಳಿ ಬಂತು, ಸೈನ್ಯ ಸತ್ತಿತು, ಅವನು ಬಿದ್ದ. ಪರೀಕ್ಷೆಗೆ ಇಷ್ಟು ಸಾಕು. ಆದರೆ ದಿನಾಂಕ ಮುಂದಿಟ್ಟುಕೊಂಡು ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ.

ಅವನು ರಷ್ಯಾ ಗಡಿಯ ನೀಮನ್ ನದಿ ದಾಟಿದ್ದು 1812ರ ಜೂನ್ 24ರಂದು. ನಡು ಬೇಸಿಗೆ. ಮಾಸ್ಕೋ ಸೇರಿದ್ದು ಸೆಪ್ಟೆಂಬರ್ 14ಕ್ಕೆ. ಆಗಲೂ ಹಿಮದ ಸುಳಿವಿರಲಿಲ್ಲ. ಆ ದಂಡಯಾತ್ರೆಗೆ ಒಟ್ಟು ಸೇರಿಸಿದ ಜನ ಸುಮಾರು 6 ಲಕ್ಷ. ಮಾಸ್ಕೋದಲ್ಲಿ ಅವನ ಜೊತೆ ಇದ್ದವರು ಒಂದು ಲಕ್ಷದ ಆಸುಪಾಸು. ನಡುವೆ ಬೊರೊಡಿನೊದಲ್ಲಿ ಭಾರೀ ಕಾಳಗ ಆಗಿತ್ತು, ಒಪ್ಪೋಣ. ದಾರಿಯ ಊರುಗಳ ಕಾವಲಿಗೆ, ಎರಡೂ ಪಕ್ಕದ ರಕ್ಷಣೆಗೆ ಜನ ಬಿಟ್ಟಿದ್ದ, ಅದನ್ನೂ ಕಳೆಯೋಣ. ಆದರೂ ಮೊದಲ ಹಿಮ ಬೀಳುವ ಮುಂಚೆಯೇ ಸೈನ್ಯದ ದೊಡ್ಡ ಪಾಲು ಕರಗಿಹೋಗಿತ್ತು.

ಯಾತಕ್ಕೆ? ಹೊಟ್ಟೆಗಿಲ್ಲದೆ, ಕುದುರೆಗೆ ಮೇವಿಲ್ಲದೆ, ಕಾಯಿಲೆ ಬಿದ್ದು. ನನ್ನ ವಾದ ಇಷ್ಟೇ. ಈ ಮನುಷ್ಯ ಮೇಲೆ ಬಂದಿದ್ದೂ ಅನ್ನದ ಲೆಕ್ಕದಿಂದ, ಕೆಳಗೆ ಬಿದ್ದಿದ್ದೂ ಅದೇ ಲೆಕ್ಕದಿಂದ.

1796ರಲ್ಲಿ ಇಟಲಿ ದಂಡಿನ ಹೊಣೆ ಸಿಕ್ಕಾಗ ಅವನಿಗೆ 26 ವರ್ಷ. ಆ ಸೈನಿಕರ ಕಾಲಿಗೆ ಬೂಟಿಲ್ಲ, ಕೈಗೆ ಸಂಬಳವಿಲ್ಲ. ಬೆಟ್ಟದ ಆಚೆ ಲೊಂಬಾರ್ಡಿ, ಯುರೋಪಿನಲ್ಲೇ ಫಲವತ್ತಾದ ಬಯಲು. ಹಿಂದಿನಿಂದ ಬರುವ ಗಾಡಿಗಳಿಗೆ ಕಾಯಬೇಡಿ, ಊರಲ್ಲಿ ಸಿಕ್ಕಿದ್ದು ತಿನ್ನಿ, ನಡೀರಿ. ಇದೇ ಅವನ ಪದ್ಧತಿ. ಆಸ್ಟ್ರಿಯಾದವರು ಉಗ್ರಾಣ, ಗಾಡಿಸಾಲು ಅಂತ ನಿಧಾನ ಬರುವಷ್ಟರಲ್ಲಿ ಇವನು ಅವರ ಬೆನ್ನ ಹಿಂದೆ ಇರುತ್ತಿದ್ದ. 1805ರಲ್ಲಿ ಉಲ್ಮ್‌ನಲ್ಲೂ ಹೀಗೇ. ಸೆಪ್ಟೆಂಬರ್ ಕೊನೆಗೆ ರೈನ್ ದಾಟಿದ. ಜರ್ಮನಿಯಲ್ಲಿ ಆಗಷ್ಟೇ ಸುಗ್ಗಿ ಮುಗಿದು ಕಣಜ ತುಂಬಿತ್ತು. ಅಕ್ಟೋಬರ್ 20ಕ್ಕೆ ಆಸ್ಟ್ರಿಯಾದ ಜನರಲ್ ಮ್ಯಾಕ್ ಶರಣಾದ. ದೊಡ್ಡ ಕಾಳಗವೇ ನಡೆಯಲಿಲ್ಲ.

ಅದೇ ಪದ್ಧತಿಯನ್ನು ಲಿಥುವೇನಿಯಾ, ಬೆಲರೂಸ್‌ನಂಥ ಬಡ ನೆಲದಲ್ಲಿ, ಅದರ ಮೇಲೆ ರಷ್ಯನ್ನರು ಹಿಂದೆ ಸರಿಯುತ್ತಾ ಸುಟ್ಟುಹೋಗಿದ್ದ ದಾರಿಯಲ್ಲಿ ಹೂಡಿದರೆ ಏನಾಗುತ್ತದೆ?

ಹುಬ್ಳಿ_ಎಕ್ಸ್‌ಪ್ರೆಸ್:
ಅಲ್ರೀ, ಅವನಿಗೆ ಅಷ್ಟೂ ಗೊತ್ತಿರಲಿಲ್ಲ ಅಂತೀರಾ? ಯುರೋಪಿನ ಅರ್ಧ ಗೆದ್ದವನು ರೊಟ್ಟಿ ಲೆಕ್ಕ ಹಾಕದೆ ಹೊರಟನಾ?

ದಂಡಿನ_ದಾರಿ:
ಹಾಕಿದ್ದ. ಅದೇ ಮಜಾ. ಡಾನ್‌ಜಿಗ್, ಕೋನಿಗ್ಸ್‌ಬರ್ಗ್ ಊರುಗಳಲ್ಲಿ ಉಗ್ರಾಣ ತುಂಬಿಸಿದ್ದ. ಸಾವಿರಾರು ಗಾಡಿ ಕಟ್ಟಿಸಿದ್ದ. ಇಷ್ಟು ದೊಡ್ಡ ತಯಾರಿ ಅವನು ಹಿಂದೆಂದೂ ಮಾಡಿರಲಿಲ್ಲ. ಆದರೆ ಒಬ್ಬ ಸೈನಿಕನಿಗೆ ದಿನಕ್ಕೆ ಸುಮಾರು ಮುಕ್ಕಾಲು ಕಿಲೋ ಬ್ರೆಡ್ಡು ಬೇಕು. ಅದನ್ನು ಒಂದೂವರೆ ಲಕ್ಷಕ್ಕೂ ಜಾಸ್ತಿ ಕುದುರೆಗಳ ಮೇವಿನ ಜೊತೆ ಸೇರಿಸಿ ನೋಡಿ. ಗಾಡಿ ಎಳೆಯುವ ಪ್ರಾಣಿಯೂ ತಿನ್ನಬೇಕಲ್ಲ! ದೊಡ್ಡ ಜಾತ್ರೆಯೊಂದನ್ನು ಹೆಗಲ ಮೇಲೆ ಹೊತ್ತು ತಿಂಗಳುಗಟ್ಟಲೆ ನಡೆದ ಹಾಗೆ.

ಮೊದಲ ವಾರದಲ್ಲೇ ಭಾರೀ ಮಳೆ ಹೊಡೆಯಿತು. ಮಣ್ಣಿನ ರಸ್ತೆ ಕೆಸರಾಯಿತು. ಭಾರದ ಗಾಡಿಗಳು ಹೂತುಕೊಂಡವು. ಕುದುರೆಗಳಿಗೆ ಓಟ್ಸ್ ಸಿಗದೆ ಹೊಲದಲ್ಲಿದ್ದ ಹಸಿ ರೈ ಪೈರು ಮೇಯಿಸಿದರು. ಹೊಟ್ಟೆ ಉಬ್ಬರಿಸಿ ಬಿದ್ದವು. ವಿಲ್ನಾ (ಈಗಿನ ವಿಲ್ನಿಯಸ್) ಸೇರುವ ಹೊತ್ತಿಗೇ ಸುಮಾರು 10 ಸಾವಿರ ಕುದುರೆ ಹೋಗಿದ್ದವು ಅಂತ ಲೆಕ್ಕ. ಇದು ಜೂನ್ ತಿಂಗಳ ಮಾತು.

ಹಳೇ_ಮೇಷ್ಟ್ರು:
ನಿಮ್ಮ ರೊಟ್ಟಿ ಸಿದ್ಧಾಂತ ಚೆನ್ನಾಗಿದೆ, ಆದರೆ ಅವನ ಏಳಿಗೆಯನ್ನೂ ಅದಕ್ಕೇ ಗಂಟು ಹಾಕಬೇಡಿ. ಅವನು ಎದ್ದಿದ್ದು 1789ರ ಕ್ರಾಂತಿಯಿಂದ.

ಹುಟ್ಟಿದ್ದು 1769ರ ಆಗಸ್ಟ್ 15ಕ್ಕೆ, ಕಾರ್ಸಿಕಾ ದ್ವೀಪದ ಅಜಾಕ್ಸಿಯೋದಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಆ ದ್ವೀಪವನ್ನು ಜಿನೋವಾದವರು ಫ್ರಾನ್ಸಿಗೆ ಬಿಟ್ಟುಕೊಟ್ಟಿದ್ದರು. ಮನೆಮಾತು ಇಟಾಲಿಯನ್ ಕಡೆಯದು. ಬ್ರಿಯೆನ್ ಶಾಲೆಯಲ್ಲಿ ಅವನ ಫ್ರೆಂಚ್ ಉಚ್ಚಾರಕ್ಕೆ ಹುಡುಗರು ನಗುತ್ತಿದ್ದರು. ಪ್ಯಾರಿಸ್ಸಿನ ಸೇನಾ ಶಾಲೆಯಿಂದ ಹೊರಬಿದ್ದಾಗ 58 ಜನರಲ್ಲಿ 42ನೆಯವನು. ಹಳೆಯ ರಾಜರ ಕಾಲ ಮುಂದುವರಿದಿದ್ದರೆ ಇಂಥ ಸಣ್ಣ ಮನೆತನದ ತೋಪಿನ ಅಧಿಕಾರಿ ಬಹಳ ದೂರ ಹೋಗುತ್ತಿರಲಿಲ್ಲ. ಮೇಲಿನ ಹುದ್ದೆಗಳೆಲ್ಲ ದೊಡ್ಡ ಕುಲದವರಿಗೆ ಮೀಸಲು.

ಕ್ರಾಂತಿ ಬಂದಾಗ ಆ ಕುಲೀನರೆಲ್ಲ ದೇಶ ಬಿಟ್ಟು ಓಡಿದರು. ಕುರ್ಚಿಗಳು ಖಾಲಿ. 1793ರ ಡಿಸೆಂಬರಿನಲ್ಲಿ ತೂಲೊನ್ ಬಂದರನ್ನು ಬ್ರಿಟಿಷರಿಂದ ಬಿಡಿಸಿಕೊಳ್ಳುವಾಗ ತೋಪು ಎಲ್ಲಿಡಬೇಕು ಅಂತ ತೋರಿಸಿದವನು ಇವನು. 24ನೇ ವಯಸ್ಸಿಗೆ ಬ್ರಿಗೇಡಿಯರ್ ಜನರಲ್. 1795ರ ಅಕ್ಟೋಬರ್ 5ರಂದು ಪ್ಯಾರಿಸ್ ಬೀದಿಯಲ್ಲಿ ದಂಗೆಕೋರರ ಮೇಲೆ ತೋಪು ಹಾರಿಸಿ ಸರ್ಕಾರ ಉಳಿಸಿದ. ಸರ್ಕಾರ ಋಣ ತೀರಿಸಿತು, ಇಟಲಿ ಸೈನ್ಯ ಕೊಟ್ಟಿತು. ನಾಲ್ಕು ವರ್ಷ ಕಳೆದ ಮೇಲೆ, 1799ರ ನವೆಂಬರಿನಲ್ಲಿ, ಅದೇ ಸರ್ಕಾರವನ್ನು ಇವನೇ ಉರುಳಿಸಿದ.

ಇನ್ನೊಂದು ವಿಷಯ. ಸೈನ್ಯವನ್ನು 20-30 ಸಾವಿರದ ಕೋರ್‌ಗಳಾಗಿ ಒಡೆದು, ಬೇರೆಬೇರೆ ದಾರಿಯಲ್ಲಿ ನಡೆಸಿ, ಕಾಳಗದ ಹೊತ್ತಿಗೆ ಒಂದೆಡೆ ಸೇರಿಸುವ ಕಲೆ ಅವನದು. ಪ್ರತಿ ಕೋರ್‌ಗೂ ಅದರದೇ ಕಾಲಾಳು, ಕುದುರೆ, ತೋಪು. 1806ರಲ್ಲಿ ಔಅರ್‌ಸ್ಟೆಟ್‌ನಲ್ಲಿ ಮಾರ್ಷಲ್ ದಾವೂ ಒಬ್ಬನೇ ಸುಮಾರು 27 ಸಾವಿರ ಜನರೊಂದಿಗೆ ಪ್ರಷ್ಯಾದ ಮುಖ್ಯ ಸೈನ್ಯವನ್ನು ಸೋಲಿಸಿದ. ಅವರ ಸಂಖ್ಯೆ ಇವನ ಎರಡರಷ್ಟು. ಅನ್ನದಿಂದ ಇದಾಗುವುದಿಲ್ಲ ಸ್ವಾಮಿ.

ದಂಡಿನ_ದಾರಿ:
ಮೇಷ್ಟ್ರೇ, ಕೋರ್ ಪದ್ಧತಿ ಬೇರೆಬೇರೆ ದಾರಿ ಹಿಡಿಯಲು ಒಂದು ಕಾರಣವೇ ಊಟ! ಒಂದೇ ರಸ್ತೆಯಲ್ಲಿ ಎರಡು ಲಕ್ಷ ಜನ ಹೋದರೆ ಹಿಂದಿನವರಿಗೆ ಹುಲ್ಲುಕಡ್ಡಿಯೂ ಉಳಿಯಲ್ಲ. ಬೇರೆಬೇರೆ ದಾರಿ ಅಂದರೆ ಬೇರೆಬೇರೆ ಹಳ್ಳಿಗಳ ಕಣಜ.

ಹಳೇ_ಮೇಷ್ಟ್ರು:
ಒಂದು ಅಂಕ ಕೊಟ್ಟೆ. ಪೂರ್ತಿ ಅಲ್ಲ.

ಪಟ್ಟಣದ_ಕೋಟೆ:
ನಮ್ಮೂರ ಮಾತು ಬರದೇ ಇರುತ್ತಾ? ಟಿಪ್ಪುವಿಗೆ ನೆಪೋಲಿಯನ್ ಕಾಗದ ಬರೆದಿದ್ದು ನಿಜ ತಾನೇ? ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರಿಗೆ ಗೈಡುಗಳು, ಇನ್ನೊಂದು ತಿಂಗಳು ಕೋಟೆ ತಡೆದಿದ್ದರೆ ಫ್ರೆಂಚ್ ಸೈನ್ಯ ಬಂದುಬಿಡುತ್ತಿತ್ತು ಅನ್ನುತ್ತಾರೆ.

ಹಳೇ_ಮೇಷ್ಟ್ರು:
ಕಾಗದ ನಿಜ. ಅವನು ಈಜಿಪ್ಟ್ ದಂಡಯಾತ್ರೆಯಲ್ಲಿದ್ದಾಗ, 1799ರ ಜನವರಿ ಕೊನೆಯಲ್ಲಿ ಕೈರೋದಿಂದ ಬರೆದಿದ್ದು. ಲೆಕ್ಕವಿಲ್ಲದಷ್ಟು ದೊಡ್ಡ, ಸೋಲರಿಯದ ಸೈನ್ಯದೊಂದಿಗೆ ಕೆಂಪು ಸಮುದ್ರದ ಅಂಚಿಗೆ ಬಂದಿದ್ದೇನೆ, ಇಂಗ್ಲೆಂಡಿನ ಕಬ್ಬಿಣದ ನೊಗದಿಂದ ನಿಮ್ಮನ್ನು ಬಿಡಿಸುವ ಆಸೆ ಇದೆ, ಯಾರಾದರೂ ನಂಬಿಕಸ್ಥರನ್ನು ಕಳಿಸಿ ಎಂಬುದು ಅದರ ಸಾರ. ಅದು ಟಿಪ್ಪುವಿನ ಕೈ ಸೇರಲೇ ಇಲ್ಲ. ಬ್ರಿಟಿಷರು ದಾರಿಯಲ್ಲೇ ಹಿಡಿದರು.

ಬರುವ ಮಾತು ಮಾತ್ರ ಬರೀ ಮಾತು. 1798ರ ಆಗಸ್ಟ್ 1ರ ರಾತ್ರಿ ಈಜಿಪ್ಟಿನ ಅಬೂಕಿರ್ ಕೊಲ್ಲಿಯಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ಅವನ ಹಡಗುಪಡೆಯನ್ನು ಮುಗಿಸಿದ್ದ. ಕೆಂಪು ಸಮುದ್ರದಲ್ಲಿ ಸೈನ್ಯ ಸಾಗಿಸುವಷ್ಟು ಹಡಗು ಅವನ ಬಳಿ ಇರಲಿಲ್ಲ. ಕಾಗದ ಬರೆದು ಕೆಲವೇ ದಿನಕ್ಕೆ ಅವನು ಸೈನ್ಯ ತಿರುಗಿಸಿದ್ದು ಸಿರಿಯಾ ಕಡೆಗೆ. ಮೇ 4ರಂದು ಟಿಪ್ಪು ಕೋಟೆಯ ನೀರುಬಾಗಿಲ ಬಳಿ ಹೋರಾಡುತ್ತಾ ಬಿದ್ದಾಗ, ನೆಪೋಲಿಯನ್ ಆಕ್ರೆ ಕೋಟೆಯ ಮುಂದೆ ಸಿಕ್ಕಿಹಾಕಿಕೊಂಡಿದ್ದ. ಅದನ್ನೂ ಗೆಲ್ಲಲಾಗದೆ ಅದೇ ತಿಂಗಳು ವಾಪಸ್ಸಾದ. ಅದಕ್ಕೂ ಮುಂಚೆ ಮಾರಿಷಸ್‌ನಿಂದ ಮಂಗಳೂರಿಗೆ ಬಂದಿಳಿದ ಫ್ರೆಂಚ್ ಸ್ವಯಂಸೇವಕರು ನೂರರ ಆಸುಪಾಸು. ಅಷ್ಟು ಜನರನ್ನು ತೋರಿಸಿ ಗವರ್ನರ್ ಜನರಲ್ ವೆಲ್ಲೆಸ್ಲಿ ಯುದ್ಧಕ್ಕೆ ನೆಪ ಮಾಡಿಕೊಂಡ. ಟಿಪ್ಪುವಿಗೆ ಫ್ರೆಂಚ್ ಗೆಳೆತನದಿಂದ ಸಹಾಯ ಶೂನ್ಯ, ಆದ ನಷ್ಟ ಮಾತ್ರ ಪೂರ್ತಿ. ಗೈಡುಗಳಿಗೆ ಇದನ್ನೂ ಹೇಳಿ.

ದಂಡಿನ_ದಾರಿ:
ಮೈಸೂರಿನ ನಿಜವಾದ ನಂಟು ಈ ಕಾಗದವಲ್ಲ, ಇನ್ನೊಂದಿದೆ. ಆ ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿ. ಇವನೂ ಹುಟ್ಟಿದ್ದು 1769ರಲ್ಲೇ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್‌ನನ್ನು ಕೊನೆಗೆ ಸೋಲಿಸಿದವನು. 1799ರ ಏಪ್ರಿಲಿನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನ್‌ಪೇಟೆಯ ಮರದ ತೋಪಿನಲ್ಲಿ ರಾತ್ರಿ ದಾಳಿಗೆ ಹೋಗಿ, ಕತ್ತಲಲ್ಲಿ ದಾರಿ ತಪ್ಪಿ, ಮಂಡಿಗೆ ಪೆಟ್ಟು ಮಾಡಿಕೊಂಡು ಬಂದಿದ್ದ. ಆದರೂ ಕೋಟೆ ಬಿದ್ದ ಮೇಲೆ ಊರಿನ ಆಡಳಿತ ಅವನಿಗೇ ಸಿಕ್ಕಿತು. ಅಣ್ಣ ಗವರ್ನರ್ ಜನರಲ್ ಅಲ್ವಾ! ದರಿಯಾ ದೌಲತ್‌ನಲ್ಲಿ ವಾಸ.

ಅವನು ಇಲ್ಲಿ ಕಲಿತಿದ್ದು ಎತ್ತು ಮತ್ತು ಅಕ್ಕಿಯ ಪಾಠ. ಅದಕ್ಕೆ ಮುಂಚಿನ ಯುದ್ಧದಲ್ಲಿ, 1791ರ ಮೇ ತಿಂಗಳಲ್ಲಿ, ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ. ಅರಕೆರೆ ಹತ್ತಿರ ಕಾಳಗವನ್ನೂ ಗೆದ್ದ. ಆದರೆ ಟಿಪ್ಪು ಸುತ್ತಲಿನ ನೆಲವನ್ನು ಬರಿದು ಮಾಡಿಸಿದ್ದ. ಎತ್ತುಗಳು ಸತ್ತವು, ಸೈನ್ಯಕ್ಕೆ ಅನ್ನವಿಲ್ಲ. ಗೆದ್ದವನು ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಹಿಂತಿರುಗಿದ. ಮಾಸ್ಕೋಗೆ 21 ವರ್ಷ ಮುಂಚೆ ಮಂಡ್ಯದ ನೆಲದಲ್ಲಿ ನಡೆದಿದ್ದು ಇದು!

ಆರ್ಥರ್ ಆ ಕಥೆ ಕೇಳಿ ಬೆಳೆದವನು. 1800ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದಿದ್ದ ಧೋಂಡಿಯಾ ವಾಘನನ್ನು ತುಂಗಭದ್ರೆಯ ಆಚೆ ಅಟ್ಟಿಸಿಕೊಂಡು ಹೋದಾಗ, ಅವನ ಕಾಗದಗಳ ತುಂಬಾ ಎತ್ತು, ಅಕ್ಕಿ, ಹೊಳೆ ದಾಟುವ ದೋಣಿ, ಧಾನ್ಯ ಹೊತ್ತು ತರುವ ಲಂಬಾಣಿಗಳು, ಇವೇ ಮಾತು. ಲಂಬಾಣಿಗಳು ಸಾವಿರಾರು ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ದಂಡಿನ ಹಿಂದೆ ನಡೆಯುತ್ತಿದ್ದರು, ಬೆಲೆ ಕೊಟ್ಟವರಿಗೆ ಮಾರುತ್ತಿದ್ದರು. ಅವರನ್ನು ದೋಚಿದರೆ ಮತ್ತೆ ಬರುತ್ತಿರಲಿಲ್ಲ. ಮೈಸೂರಿನ ಅಮೃತಮಹಲ್ ಎತ್ತುಗಳನ್ನು ಅವನು ಬಹಳ ಮೆಚ್ಚಿದ್ದ. ಅಕ್ಕಿ ಎತ್ತು ಇದ್ದರೆ ಜನ ಇರುತ್ತಾರೆ, ಜನ ಇದ್ದರೆ ಶತ್ರುವನ್ನು ಹೊಡೆಯಬಲ್ಲೆ ಎಂಬ ಅರ್ಥದ ಮಾತೊಂದು ಅವನ ಹೆಸರಿನಲ್ಲಿದೆ.

ಈಗ ಪೋರ್ಚುಗಲ್‌ಗೆ ಬನ್ನಿ. 1810ರ ಅಕ್ಟೋಬರ್. ನೆಪೋಲಿಯನ್‌ನ ಮಾರ್ಷಲ್ ಮಸ್ಸೆನಾ ಲಿಸ್ಬನ್ ಹಿಡಿಯಲು ಹೊರಟ. ವೆಲಿಂಗ್ಟನ್ ಟೋರಸ್ ವೆದ್ರಾಸ್‌ನಲ್ಲಿ ಬೆಟ್ಟದ ಸಾಲುಗಳ ಮೇಲೆ ಕೋಟೆ ಕಟ್ಟಿಸಿ ಒಳಗೆ ಕೂತ. ಹೊರಗಿನ ನೆಲ ಬರಿದು. ಒಳಗಿನವರಿಗೆ ಸಮುದ್ರದ ಮೂಲಕ ಲಿಸ್ಬನ್‌ಗೆ ಊಟ ಬರುತ್ತದೆ. ಹೊರಗಿನ ಫ್ರೆಂಚರು ಆ ಸಾಲಿನ ಮುಂದೆ, ಆಮೇಲೆ ಸಾಂತರೆಂನಲ್ಲಿ ಚಳಿಗಾಲ ಪೂರ್ತಿ ಹಸಿದರು. 1811ರ ಮಾರ್ಚ್‌ನಲ್ಲಿ ಹಿಂದೆ ಸರಿಯುವ ಹೊತ್ತಿಗೆ ಮಸ್ಸೆನಾ ಸುಮಾರು 25 ಸಾವಿರ ಜನರನ್ನು ಕಳೆದುಕೊಂಡಿದ್ದ. ಜಾಸ್ತಿ ಜನ ಸತ್ತಿದ್ದು ಹಸಿವು, ಕಾಯಿಲೆಯಿಂದ. ಇಲ್ಲಿ ರಷ್ಯಾದ ಚಳಿ ಎಲ್ಲಿಂದ ಬಂತು?

ಪಟ್ಟಣದ_ಕೋಟೆ:
ಅರಕೆರೆ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೀನಿ, ಈ ಕಥೆ ಯಾರೂ ಹೇಳಿರಲಿಲ್ಲ. ಅಲ್ಲಿ ಒಂದು ಬೋರ್ಡೂ ಕಂಡಿಲ್ಲ ನನಗೆ.

ಬಿಳಿ_ಹಾಳೆ:
ಎಲ್ಲರೂ ತೋಪು, ಎತ್ತು, ರೊಟ್ಟಿ ಅಂತಲೇ ಇದ್ದೀರಿ. ವಕೀಲಿಕೆ ಮಾಡುವವಳಾಗಿ ಒಂದು ಮಾತು ಹೇಳಬೇಕು. ಅವನ ಯುದ್ಧಗಳು ಯಾವುದೂ ಉಳಿಯಲಿಲ್ಲ. ಉಳಿದಿದ್ದು 1804ರ ಸಿವಿಲ್ ಕೋಡ್. ಫ್ರಾನ್ಸಿನ ಒಂದೊಂದು ಸೀಮೆಗೂ ಒಂದೊಂದು ಕಟ್ಟಳೆ ಇದ್ದ ಕಾಲದಲ್ಲಿ, ಓದು ಬಂದ ಯಾರು ಬೇಕಾದರೂ ತೆಗೆದು ನೋಡಬಹುದಾದ ಒಂದೇ ಕಾನೂನು ಪುಸ್ತಕ. ಹುಟ್ಟಿನ ಮೇಲೆ ವಿಶೇಷ ಹಕ್ಕಿಲ್ಲ. ಪುದುಚೇರಿಯಲ್ಲಿ ಕೆಲವು ಕುಟುಂಬಗಳಿಗೆ ಇವತ್ತಿಗೂ ಮದುವೆ, ಆಸ್ತಿ ವಿಷಯದಲ್ಲಿ ಆ ಫ್ರೆಂಚ್ ಕಾನೂನೇ ಅನ್ವಯ.

ಆದರೆ ಹೊಗಳಿ ನಿಲ್ಲಿಸುವ ಹಾಗಿಲ್ಲ. ಅದೇ ಕೋಡ್‌ನಲ್ಲಿ ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು ಅಂತ ಬರೆದಿದೆ. ಕ್ರಾಂತಿ ಹೆಣ್ಣಿಗೆ ಕೊಟ್ಟಿದ್ದ ವಿಚ್ಛೇದನದ ಹಕ್ಕನ್ನು ಬಿಗಿಮಾಡಿದ. 1794ರಲ್ಲಿ ಕ್ರಾಂತಿ ಸರ್ಕಾರ ರದ್ದು ಮಾಡಿದ್ದ ಗುಲಾಮಗಿರಿಯನ್ನು 1802ರಲ್ಲಿ ವಾಪಸ್ ತಂದವನು ಇವನೇ.

ಅವನ ಮೊದಲ ದೊಡ್ಡ ಸೋಲು ರಷ್ಯಾದಲ್ಲೂ ಅಲ್ಲ, ಸ್ಪೇನಿನಲ್ಲೂ ಅಲ್ಲ. ಆಗ ಫ್ರೆಂಚ್ ವಸಾಹತಾಗಿದ್ದ ಹೈಟಿಯಲ್ಲಿ. ತಂಗಿ ಪೋಲಿನ್‌ಳ ಗಂಡ ಲೆಕ್ಲೆರ್ಕ್‌ನನ್ನು ದೊಡ್ಡ ಸೈನ್ಯದೊಂದಿಗೆ ಅಲ್ಲಿಗೆ ಕಳಿಸಿದ. ಗುಲಾಮನಾಗಿ ಹುಟ್ಟಿ ಜನರಲ್ ಆಗಿದ್ದ ತೂಸೇನ್ ಲೂವರ್ತ್ಯೂರ್‌ನನ್ನು ಮಾತುಕತೆಗೆ ಕರೆದು ಮೋಸದಿಂದ ಹಿಡಿದರು. ಜೂರಾ ಬೆಟ್ಟದ ಫೋರ್ ದ ಝೂ ಕೋಟೆಯ ಚಳಿಯಲ್ಲಿ ಆತ 1803ರ ಏಪ್ರಿಲಿನಲ್ಲಿ ಸತ್ತ. ಆದರೆ ಹೈಟಿಯ ಜನ ಬಗ್ಗಲಿಲ್ಲ. ಹಳದಿ ಜ್ವರ ಫ್ರೆಂಚರನ್ನು ಸಾವಿರ ಸಾವಿರವಾಗಿ ತಿಂದಿತು. ಲೆಕ್ಲೆರ್ಕ್ ಕೂಡ ಅದರಲ್ಲೇ ಹೋದ. 1804ರ ಜನವರಿ 1ಕ್ಕೆ ಹೈಟಿ ಸ್ವತಂತ್ರ. ಅಮೆರಿಕ ಖಂಡದ ಆಸೆ ಮುರಿದ ನೆಪೋಲಿಯನ್ ಲೂಸಿಯಾನಾ ಸೀಮೆಯನ್ನು 1803ರಲ್ಲೇ ಅಮೆರಿಕಕ್ಕೆ ಒಂದೂವರೆ ಕೋಟಿ ಡಾಲರಿಗೆ ಮಾರಿಬಿಟ್ಟಿದ್ದ. ನಮ್ಮ ಪಠ್ಯದಲ್ಲಿ ಇದು ಯಾಕೆ ಬರುವುದಿಲ್ಲ?

ದಂಡಿನ_ದಾರಿ:
ಮೇಡಂ, ಈ ಹೈಟಿ ಮಾತು ಈ ಚರ್ಚೆಗೆ ಬೇಕೇಬೇಕಿತ್ತು. ಅಲ್ಲಿಯೂ ತೋಪಿಗಿಂತ ಜ್ವರವೇ ಜಾಸ್ತಿ ಜನರನ್ನು ಕೊಂದಿತು. ರಷ್ಯಾದಲ್ಲಿಯೂ ಹಾಗೇ. 2001ರಲ್ಲಿ ವಿಲ್ನಿಯಸ್‌ನಲ್ಲಿ ಕಟ್ಟಡ ಕಟ್ಟಲು ಅಗೆದಾಗ ಆ ಸೈನಿಕರ ಸಾಮೂಹಿಕ ಗುಂಡಿ ಸಿಕ್ಕಿತು. ಸಾವಿರಾರು ಅಸ್ಥಿ. ಅವರ ಬಟ್ಟೆಯಲ್ಲಿದ್ದ ಹೇನಿನ ಚೂರು, ಹಲ್ಲಿನ ತಿರುಳು ಪರೀಕ್ಷಿಸಿದಾಗ ಹೇನಿನಿಂದ ಹರಡುವ ಜ್ವರಗಳ ಗುರುತು ಸಿಕ್ಕಿತು.

ಕಾಫಿ_ಪುಡಿ:
ಅಷ್ಟು ಕುಳ್ಳ ಮನುಷ್ಯ ಇಷ್ಟೆಲ್ಲ ಮಾಡಿದನಾ 😄

ಹಳೇ_ಮೇಷ್ಟ್ರು:
ಕುಳ್ಳ ಅಲ್ಲಪ್ಪಾ. ಸುಮಾರು 168 ಸೆಂಟಿಮೀಟರ್. ಆ ಕಾಲದ ಫ್ರೆಂಚರಿಗೆ ಅದು ಸಾಧಾರಣ ಎತ್ತರ. ಫ್ರೆಂಚ್ ಅಂಗುಲ ಇಂಗ್ಲಿಷ್ ಅಂಗುಲಕ್ಕಿಂತ ದೊಡ್ಡದು, ಅಲ್ಲಿಂದ ಒಂದಿಷ್ಟು ಗೊಂದಲ. ಉಳಿದಿದ್ದು ಲಂಡನ್ನಿನ ವ್ಯಂಗ್ಯಚಿತ್ರಕಾರ ಗಿಲ್ರೇ ಮಾಡಿದ ಕಿತಾಪತಿ.

ಹುಬ್ಳಿ_ಎಕ್ಸ್‌ಪ್ರೆಸ್:
ನನಗೆ ಅನಿಸೋದು ಬೇರೆ. ಚಳಿಯೂ ಅಲ್ಲ, ಹಸಿವೂ ಅಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಅವನಿಗೆ ಗೊತ್ತಾಗಲಿಲ್ಲ. 1807ರಲ್ಲಿ ಟಿಲ್ಸಿಟ್‌ನಲ್ಲಿ ನದಿ ನಡುವೆ ತೆಪ್ಪ ಕಟ್ಟಿ ರಷ್ಯಾದ ಝಾರ್ ಅಲೆಕ್ಸಾಂಡರ್ ಜೊತೆ ಕೂತು ಯುರೋಪನ್ನೇ ಹಂಚಿಕೊಂಡ. ಅಲ್ಲಿಗೆ ಸಾಕಿತ್ತಲ್ಲ? ಮರುವರ್ಷವೇ ಸ್ಪೇನಿನ ಗಾದಿಯ ಮೇಲೆ ಅಣ್ಣ ಜೋಸೆಫ್‌ನನ್ನು ಕೂರಿಸಿದ. ಸ್ಪೇನ್ ಅಲ್ಲಿಯವರೆಗೆ ಅವನ ಜೊತೆಗಿದ್ದ ದೇಶ! ಜನ ತಿರುಗಿಬಿದ್ದರು. ಆ ಯುದ್ಧವೇ ನನ್ನನ್ನು ಹಾಳುಮಾಡಿತು ಅಂತ ಕೊನೆಗಾಲದಲ್ಲಿ ಸೆರೆಯಲ್ಲಿದ್ದ ಸೇಂಟ್ ಹೆಲೆನಾ ದ್ವೀಪದಲ್ಲಿ ಕೂತು ಅವನೇ ಹೇಳಿಕೊಂಡ. 1813ರ ಜೂನ್‌ನಲ್ಲಿ ಡ್ರೆಸ್ಡನ್‌ಗೆ ಆಸ್ಟ್ರಿಯಾದ ಮೆಟರ್ನಿಕ್ ಸಂಧಿಗೆ ಬಂದ. ಬಗ್ಗಲಿಲ್ಲ. 1814ರ ಶುರುವಿನಲ್ಲಿ ಶಾತಿಯೊನ್‌ನಲ್ಲಿ ಮತ್ತೆ ಮಾತುಕತೆ. ಆಗಲೂ ಇಲ್ಲ. ಪ್ರತಿ ಸಲ ಕೈಗೆ ಬಂದಿದ್ದನ್ನು ಒದ್ದ.

ದಂಡಿನ_ದಾರಿ:
ಸರಿ, ಆದರೆ ಯಾಕೆ ನಿಲ್ಲಿಸಲಿಲ್ಲ? 1805ರಲ್ಲಿ ಟ್ರಫಾಲ್ಗರ್‌ನಲ್ಲಿ ನೌಕಾಪಡೆ ಹೋಯಿತು. ಇಂಗ್ಲೆಂಡನ್ನು ಮುಟ್ಟಲು ಬೇರೆ ದಾರಿ ಇಲ್ಲ. ಹಾಗಾಗಿ 1806ರ ನವೆಂಬರಿನಲ್ಲಿ ಬರ್ಲಿನ್‌ನಿಂದ ಆಜ್ಞೆ ಹೊರಡಿಸಿದ, ಯುರೋಪಿನ ಯಾವ ಬಂದರೂ ಬ್ರಿಟಿಷ್ ಸರಕು ಇಳಿಸಬಾರದು ಅಂತ. ಈ ತಡೆ ನಡೆಯಬೇಕಾದರೆ ಒಂದು ಕಿಂಡಿಯೂ ಇರಬಾರದು. ಪೋರ್ಚುಗಲ್ ಒಪ್ಪಲಿಲ್ಲ, ಅದಕ್ಕೆ ಅಲ್ಲಿಗೆ ಸೈನ್ಯ. ಅಲ್ಲಿಗೆ ಹೋಗುವ ದಾರಿ ಸ್ಪೇನ್. ರಷ್ಯಾ 1810ರ ಕೊನೆಗೆ ತಡೆಯಿಂದ ಜಾರಿಕೊಂಡಿತು, ಅದಕ್ಕೆ ಅಲ್ಲಿಗೂ ಸೈನ್ಯ. ಒಂದು ತೂತು ಮುಚ್ಚಲು ಹೋಗಿ ಇನ್ನೊಂದು.

ಕಾಫಿ_ಪುಡಿ:
ಆ ತಡೆಯಿಂದ ಯುರೋಪಿನಲ್ಲಿ ಸಕ್ಕರೆ, ಕಾಫಿ ಬೆಲೆ ಆಕಾಶಕ್ಕೆ ಹೋಯಿತು ತಾನೇ? ಚಿಕೋರಿ ಬೆರೆಸಿದ ಕಾಫಿ ಅಲ್ಲಿ ಆಗ ಮನೆಮನೆಗೆ ಹಬ್ಬಿತು ಅಂತ ಕೇಳಿದ್ದೆ. ಹಾಗಾದರೆ ನಮ್ಮ ಫಿಲ್ಟರ್ ಕಾಫಿಯಲ್ಲೂ ಅವನ ಪಾಲಿದೆ!

ಬಿಳಿ_ಹಾಳೆ:
ನಮ್ಮ ಚಿಕೋರಿಯನ್ನು ಅವನ ಲೆಕ್ಕಕ್ಕೆ ಬರೆಯಬೇಡಿ. ಆದರೆ ಫ್ರಾನ್ಸಿನಲ್ಲಿ ಆಗಿದ್ದು ನಿಜ. ಸಕ್ಕರೆಯದು ಇನ್ನೂ ಮಜವಾಗಿದೆ. ಕಬ್ಬಿನ ಸಕ್ಕರೆ ನಿಂತಾಗ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯಲು ಸರ್ಕಾರವೇ ದುಡ್ಡು, ನೆಲ ಕೊಟ್ಟಿತು. 1812ರಲ್ಲಿ ಪ್ಯಾರಿಸ್ ಪಕ್ಕದ ಪಾಸಿಯಲ್ಲಿ ದೆಲೆಸೇರ್ ಎಂಬುವನ ಕಾರ್ಖಾನೆಗೆ ಚಕ್ರವರ್ತಿಯೇ ಹೋಗಿ, ಸಂತೋಷಪಟ್ಟು ಲೀಜನ್ ಆಫ್ ಆನರ್ ಪದಕ ಕೊಟ್ಟ. ಡಬ್ಬಿ ಊಟದ ಕಥೆಯೂ ಆಗಿನದೇ. ಅಡುಗೆಯವ ಅಪ್ಪೆರ್‌ಗೆ 1810ರಲ್ಲಿ ಸರ್ಕಾರದಿಂದ 12 ಸಾವಿರ ಫ್ರಾಂಕ್ ಸಿಕ್ಕಿತು. ಆಹಾರವನ್ನು ಗಾಜಿನ ಬಾಟಲಿಯಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ, ಬಿಸಿನೀರಲ್ಲಿ ಕುದಿಸಿ ಇಡುವ ವಿಧಾನಕ್ಕೆ.

ಹುಬ್ಳಿ_ಎಕ್ಸ್‌ಪ್ರೆಸ್:
ಬಾಟಲಿ ಊಟ ಇದ್ದೂ ರಷ್ಯಾದಲ್ಲಿ ಕುದುರೆ ಮಾಂಸ ತಿಂದರಲ್ರೀ!

ದಂಡಿನ_ದಾರಿ:
6 ಲಕ್ಷ ಜನರಿಗೆ ಗಾಜಿನ ಬಾಟಲಿ ಎಲ್ಲಿಂದ ತರೋದು ಗುರು.

ಹಿಮ್ಮೆಟ್ಟಿದ ಕಥೆಯಲ್ಲಿ ನನಗೆ ಮರೆಯಲಾಗದ ಭಾಗ ಬೆರೆಝಿನಾ ನದಿ. ಮಾಸ್ಕೋ ಬಿಟ್ಟಿದ್ದು ಅಕ್ಟೋಬರ್ 19. ದಕ್ಷಿಣದ ಕಡೆ, ಇನ್ನೂ ತಿನ್ನಲು ಸಿಗುವ ದಾರಿ ಹಿಡಿಯಲು ನೋಡಿದ. ಮಲೊಯಾರೊಸ್ಲಾವೆಟ್ಸ್‌ನಲ್ಲಿ ರಷ್ಯನ್ನರು ತಡೆದರು. ಕೊನೆಗೆ ಬಂದ ದಾರಿಗೇ, ಅಂದರೆ ತಾವೇ ತಿಂದು ಮುಗಿಸಿದ್ದ ದಾರಿಗೇ ವಾಪಸ್. ಒರ್ಶಾದಲ್ಲಿ ಭಾರ ಕಡಿಮೆ ಮಾಡಲು ದೋಣಿಸೇತುವೆಯ ಸಾಮಾನನ್ನೆಲ್ಲ ಸುಡಲು ನೆಪೋಲಿಯನ್ ಆಜ್ಞೆ ಮಾಡಿದ. ಸೇತುವೆ ಪಡೆಯ ಮುಖ್ಯಸ್ಥ ಜನರಲ್ ಎಬ್ಲೆಗೆ ಮನಸ್ಸಾಗಲಿಲ್ಲ. ದೋಣಿ ಸುಟ್ಟರೂ ಕುಲುಮೆ, ಇದ್ದಿಲು, ಸಲಕರಣೆಯ ಕೆಲವು ಗಾಡಿ ಉಳಿಸಿಕೊಂಡ.

ಕೆಲವೇ ದಿನಕ್ಕೆ ಬೆರೆಝಿನಾ ಎದುರಾಯಿತು. ಇದ್ದ ಸೇತುವೆಯನ್ನು ರಷ್ಯನ್ನರು ಸುಟ್ಟಿದ್ದರು. ಇನ್ನೊಂದು ವಿಚಿತ್ರ ನೋಡಿ. ಚಳಿ ಜಾಸ್ತಿ ಇದ್ದಿದ್ದರೆ ನದಿ ಹೆಪ್ಪುಗಟ್ಟಿ ಸೈನ್ಯ ನಡೆದೇ ದಾಟುತ್ತಿತ್ತು. ನಡುವೆ ಚಳಿ ಇಳಿದು ಮಂಜುಗಡ್ಡೆ ಕರಗಿತ್ತು. ಸ್ಟುಡಿಯಾಂಕಾ ಎಂಬ ಹಳ್ಳಿಯ ಮನೆಗಳನ್ನು ಕೆಡವಿ ಮರ ತಂದರು. ಎಬ್ಲೆಯ ಸುಮಾರು 400 ಜನ, ಅದರಲ್ಲಿ ಡಚ್ಚರೂ ಬಹಳ, ತೇಲುವ ಮಂಜುಗಡ್ಡೆಯ ನಡುವೆ ಎದೆಯುದ್ದ ನೀರಲ್ಲಿ ನಿಂತು ಕಂಬ ನೆಟ್ಟರು. ಉಳಿಸಿಕೊಂಡಿದ್ದ ಕುಲುಮೆಯಲ್ಲೇ ಮೊಳೆ, ಕಟ್ಟು ಬಡಿದರು. ಎರಡು ಸೇತುವೆ ಎದ್ದವು. ಮುರಿದಾಗಲೆಲ್ಲ ಮತ್ತೆ ನೀರಿಗಿಳಿದರು. ಅವರಲ್ಲಿ ಬದುಕಿ ಊರು ಸೇರಿದವರು ಬೆರಳೆಣಿಕೆ. ಎಬ್ಲೆಯೂ ಆ ವರ್ಷ ಮುಗಿಯುವಾಗ ಕೋನಿಗ್ಸ್‌ಬರ್ಗ್‌ನಲ್ಲಿ ತೀರಿಕೊಂಡ. ಚಕ್ರವರ್ತಿ ಉಳಿದಿದ್ದು, ಚಕ್ರವರ್ತಿಯ ಆಜ್ಞೆಯನ್ನು ಪೂರ್ತಿ ಪಾಲಿಸದ ಒಬ್ಬ ಜನರಲ್‌ನಿಂದ.

ಡಿಸೆಂಬರ್ 5ಕ್ಕೆ ಸೈನ್ಯ ಬಿಟ್ಟು ಜಾರುಬಂಡಿ ಏರಿ ಪ್ಯಾರಿಸ್‌ಗೆ ಹೊರಟ. ನಿಜವಾದ ಕಡು ಚಳಿ ಹೊಡೆದಿದ್ದು ಆ ಹೊತ್ತಿಗೆ. ಅಷ್ಟರಲ್ಲಿ ಕೊಲ್ಲಲು ಉಳಿದಿದ್ದವರೇ ಕಡಿಮೆ.

ಲೈಪ್‌ಜಿಗ್_ಕನ್ನಡಿಗ:
ಕೆಲಸದ ಮೇಲೆ ಜರ್ಮನಿಯ ಲೈಪ್‌ಜಿಗ್‌ಗೆ ಬಂದವನು ನಾನು. 1813ರ ಯುದ್ಧದ ಸ್ಮಾರಕ ಟ್ರಾಮಿನಲ್ಲಿ ಹೋಗುವಷ್ಟು ಹತ್ತಿರ. 91 ಮೀಟರ್ ಎತ್ತರದ ಕಪ್ಪು ಕಲ್ಲಿನ ರಾಶಿ, 1913ರಲ್ಲಿ ಮುಗಿಸಿದ್ದು. ನೋಡಿದರೆ ಖುಷಿಗಿಂತ ಭಯವೇ ಜಾಸ್ತಿ.

ಅಕ್ಟೋಬರ್ 16ರಿಂದ 19, ಎರಡೂ ಕಡೆ ಸೇರಿ 5 ಲಕ್ಷಕ್ಕೂ ಜಾಸ್ತಿ ಜನ ಇಲ್ಲಿ ಹೊಡೆದಾಡಿದರು. ರಷ್ಯಾ, ಆಸ್ಟ್ರಿಯಾ, ಪ್ರಷ್ಯಾ, ಸ್ವೀಡನ್ ಒಂದಾಗಿದ್ದವು. ಸ್ವೀಡನ್ ಕಡೆಯ ನಾಯಕ ಬೆರ್ನಾಡೊಟ್ ಮೊದಲು ನೆಪೋಲಿಯನ್‌ನದೇ ಮಾರ್ಷಲ್! ಕಾಳಗದ ನಡುವೆಯೇ ಸ್ಯಾಕ್ಸನಿಯವರು ಪಕ್ಷ ಬದಲಿಸಿದರು. ಹಿಂದೆ ಸರಿಯಲು ಎಲ್ಸ್ಟರ್ ಹೊಳೆಗೆ ಒಂದೇ ಸೇತುವೆ. ಅದಕ್ಕೆ ಮದ್ದು ಇಟ್ಟು ಕೊನೆಯಲ್ಲಿ ಹಾರಿಸಬೇಕಿತ್ತು. ಗಾಬರಿಯಲ್ಲಿ ಒಬ್ಬ ಕಾರ್ಪೊರಲ್ ಹೊತ್ತಿಗೆ ಮುಂಚೆಯೇ ಹಚ್ಚಿಬಿಟ್ಟ. ಸಾವಿರಾರು ಫ್ರೆಂಚರು ಈ ದಡದಲ್ಲೇ ಸಿಕ್ಕಿಬಿದ್ದರು. ಪೋಲೆಂಡಿನ ಪೊನಿಯಾಟೊವ್ಸ್ಕಿ ಮಾರ್ಷಲ್ ಆಗಿ ಮೂರೇ ದಿನ, ಹೊಳೆ ಈಜಲು ಹೋಗಿ ಮುಳುಗಿದ. ಆ ಹೊಳೆ ಈಗ ನೋಡಿದರೆ ಇಷ್ಟೇನಾ ಅನಿಸುತ್ತದೆ.

ಹುಬ್ಳಿ_ಎಕ್ಸ್‌ಪ್ರೆಸ್:
ಲೈಪ್‌ಜಿಗ್‌ನಲ್ಲಿ ಹಸಿವಿನ ಲೆಕ್ಕ ಎಲ್ಲಿದೆ? ವಾಟರ್ಲೂದಲ್ಲಿ ಎಲ್ಲಿದೆ? ಅಲ್ಲಿ ಮಳೆ, ಕೆಸರು. ನೆಲ ಒಣಗಲಿ ಅಂತ ಬೆಳಗ್ಗೆ ಹನ್ನೊಂದೂವರೆಯವರೆಗೆ ಕಾದ. ಸಂಜೆಗೆ ಪ್ರಷ್ಯಾದ ಬ್ಲೂಷರ್ ಬಂದ. ಅವನನ್ನು ತಡೆಯಬೇಕಿದ್ದ ಗ್ರೂಶಿ 33 ಸಾವಿರ ಜನರ ಜೊತೆ ವಾವ್ರ್ ಕಡೆ ಇದ್ದ.

ದಂಡಿನ_ದಾರಿ:
ಲೈಪ್‌ಜಿಗ್‌ಗೆ ಉತ್ತರ ಕುದುರೆಯಲ್ಲಿದೆ. ರಷ್ಯಾದಿಂದ ಬಂದ ಮೇಲೆ ಕೆಲವೇ ತಿಂಗಳಲ್ಲಿ ಅವನು ಹೊಸ ಸೈನ್ಯ ಕಟ್ಟಿದ. ಮೀಸೆ ಮೂಡದ ಹುಡುಗರನ್ನು ಸೇರಿಸಿದ. ಅವರಿಗೆ ರಾಣಿ ಮೇರಿ ಲೂಯಿಸ್‌ಳ ಹೆಸರಿನಿಂದ ಮೇರಿ-ಲೂಯಿಸ್‌ಗಳು ಅನ್ನುತ್ತಿದ್ದರು. ಆದರೆ ಪಳಗಿದ ಕುದುರೆಯನ್ನು ಆಜ್ಞೆ ಹೊರಡಿಸಿ ಹುಟ್ಟಿಸಲಾಗುವುದಿಲ್ಲ. 1813ರ ಮೇ ತಿಂಗಳಲ್ಲಿ ಲೂಟ್ಸನ್, ಬೌಟ್ಸನ್ ಎರಡನ್ನೂ ಗೆದ್ದ. ಹಿಂದಿನ ನೆಪೋಲಿಯನ್ ಆಗಿದ್ದರೆ ಓಡುವವರನ್ನು ಕುದುರೆ ಬಿಟ್ಟು ಅಟ್ಟಿ, ಆ ಸೈನ್ಯವನ್ನೇ ಇಲ್ಲವಾಗಿಸುತ್ತಿದ್ದ. 1806ರಲ್ಲಿ ಪ್ರಷ್ಯಾಕ್ಕೆ ಆಗಿದ್ದು ಹಾಗೆ. ಈ ಸಲ ಅಟ್ಟಲು ಸವಾರರಿಲ್ಲ. ಶತ್ರು ಹೋಗಿ ಸುಧಾರಿಸಿಕೊಂಡು, ಆಸ್ಟ್ರಿಯಾವನ್ನೂ ಕರೆದುಕೊಂಡು ಬಂದ.

ವಾಟರ್ಲೂ ಬಗ್ಗೆ ನಾನು ವಾದಿಸಲ್ಲ. 1815ರಲ್ಲಿ ಅಲ್ಲಿ ಗೆದ್ದಿದ್ದರೂ ಆಸ್ಟ್ರಿಯಾ, ರಷ್ಯಾದ ಸೈನ್ಯಗಳು ಗಡಿಯತ್ತ ಬರುತ್ತಲೇ ಇದ್ದವು.

ಪಟ್ಟಣದ_ಕೋಟೆ:
ಒಂದು ಅರ್ಥವಾಗಲ್ಲ. ಲಕ್ಷಾಂತರ ಮಕ್ಕಳನ್ನು ಸಾಯಿಸಿದವನು 1814ರಲ್ಲಿ ಗಾದಿ ಕಳೆದುಕೊಂಡು ಗಡಿಪಾರಾಗಿದ್ದ ಎಲ್ಬಾ ದ್ವೀಪದಿಂದ 1815ರಲ್ಲಿ ವಾಪಸ್ ಬಂದಾಗ ಜನ ಯಾಕೆ ಸೇರಿಸಿಕೊಂಡರು?

ಬಿಳಿ_ಹಾಳೆ:
ಹಳೇ ರಾಜವಂಶ ವಾಪಸ್ ಬಂದು ಒಂದು ವರ್ಷದೊಳಗೆ ಎಲ್ಲರ ಹೊಟ್ಟೆ ಉರಿಸಿತ್ತು. ಕ್ರಾಂತಿಯಲ್ಲಿ ಮಠದ, ಕುಲೀನರ ಜಮೀನು ಕೊಂಡಿದ್ದ ರೈತರಿಗೆ ಅದು ಕೈ ಬಿಡುತ್ತದೆ ಅನ್ನೋ ಭಯ. ಸೈನ್ಯದ ಸಾವಿರಾರು ಅಧಿಕಾರಿಗಳನ್ನು ಅರ್ಧ ಸಂಬಳಕ್ಕೆ ಮನೆಗೆ ಕಳಿಸಿದ್ದರು. ಹಾಗಂತ ಎಲ್ಲರೂ ಸೇರಿಸಿಕೊಳ್ಳಲಿಲ್ಲ. ಪ್ರೊವಾನ್ಸ್ ಕಡೆ ಅವನನ್ನು ಕಂಡರೆ ಆಗದವರೇ ಜಾಸ್ತಿ. ಅದಕ್ಕೇ ಮಾರ್ಚ್ 1ಕ್ಕೆ ದಡ ಮುಟ್ಟಿದವನು ಆಲ್ಪ್ಸ್ ಬೆಟ್ಟದ ದಾರಿ ಹಿಡಿದ. ಜೊತೆಗಿದ್ದವರು ಸುಮಾರು ಸಾವಿರ.

ಗ್ರನೋಬಲ್ ಹತ್ತಿರ ಲಾಫ್ರೇ ಎಂಬಲ್ಲಿ ಮಾರ್ಚ್ 7ರಂದು ರಾಜನ 5ನೇ ರೆಜಿಮೆಂಟಿನವರು ಬಂದೂಕು ಹಿಡಿದು ಅಡ್ಡ ನಿಂತರು. ಅವನು ತನ್ನವರಿಗೆ ಬಂದೂಕು ಕೆಳಗಿಳಿಸಲು ಹೇಳಿ ಒಬ್ಬನೇ ಮುಂದೆ ನಡೆದ. ಬೂದು ಕೋಟಿನ ಎದೆ ತೆರೆದು, ನಿಮ್ಮ ಚಕ್ರವರ್ತಿಯನ್ನು ಕೊಲ್ಲಬೇಕೆನ್ನುವವನಿದ್ದರೆ ಇಗೋ ಇಲ್ಲಿದ್ದೇನೆ ಅಂದ. ಅಧಿಕಾರಿ ಹೊಡೆಯಿರಿ ಅಂದರೂ ಒಂದು ಗುಂಡೂ ಹಾರಲಿಲ್ಲ. ಜೈಕಾರ ಕೂಗಿ ಅವನ ಸುತ್ತ ಮುತ್ತಿದರು. ಕಬ್ಬಿಣದ ಪಂಜರದಲ್ಲಿ ಹಾಕಿ ತರುತ್ತೇನೆ ಅಂತ ರಾಜನಿಗೆ ಮಾತು ಕೊಟ್ಟು ಹೊರಟಿದ್ದ ಮಾರ್ಷಲ್ ನೇ ಕೂಡ ಒಂದು ವಾರದಲ್ಲಿ ಇವನ ಕಡೆ ಸೇರಿದ. ಡಿಸೆಂಬರಿನಲ್ಲಿ ನೇ ಅದಕ್ಕೆ ಗುಂಡೇಟಿನ ಶಿಕ್ಷೆ ಉಂಡ.

ನನಗೆ ಆ ಧೈರ್ಯ ಕಂಡರೆ ರೋಮಾಂಚನ ಆಗುತ್ತದೆ, ಜೊತೆಗೇ ಸಿಟ್ಟೂ ಬರುತ್ತದೆ. ಆ ನೂರು ದಿನದ ಆಟಕ್ಕೆ ಮತ್ತೆ ಎಷ್ಟು ಸಾವಿರ ಜನ ಸತ್ತರು!

ಕಾಫಿ_ಪುಡಿ:
ಕೊನೆಗೆ ವಿಷ ಹಾಕಿ ಸಾಯಿಸಿದ್ದು ಬ್ರಿಟಿಷರಲ್ವಾ? ಕೂದಲಲ್ಲಿ ಆರ್ಸೆನಿಕ್ ಸಿಕ್ಕಿತ್ತಲ್ಲ.

ಹಳೇ_ಮೇಷ್ಟ್ರು:
ಸಿಕ್ಕಿದ್ದು ನಿಜ. ಆದರೆ 2008ರಲ್ಲಿ ಇಟಲಿಯ ವಿಜ್ಞಾನಿಗಳು ಅವನ ಬಾಲ್ಯದ ಕೂದಲು, ಎಲ್ಬಾದ ಕಾಲದ್ದು, ಸೇಂಟ್ ಹೆಲೆನಾದ್ದು, ಜೊತೆಗೆ ಹೆಂಡತಿ ಜೋಸೆಫೀನ್ ಮತ್ತು ಮಗನದ್ದನ್ನೂ ಹೋಲಿಸಿ ನೋಡಿದರು. ಎಲ್ಲದರಲ್ಲೂ ಇಂದಿನವರಿಗಿಂತ ಜಾಸ್ತಿ ಆರ್ಸೆನಿಕ್. ಕೊನೆಗಾಲದಲ್ಲಿ ಏರಿದ್ದೇನೂ ಇಲ್ಲ. ಆ ಕಾಲದ ಬಣ್ಣ, ಔಷಧಿ ಎಲ್ಲದರಲ್ಲೂ ಅದು ಇರುತ್ತಿತ್ತು. 1821ರ ಮೇ 5ರಂದು ಸತ್ತ ಮೇಲೆ ಕೊಯ್ದು ನೋಡಿದ ವೈದ್ಯರು ಕಂಡಿದ್ದು ಕೆಟ್ಟುಹೋದ ಹೊಟ್ಟೆ. ಹೆಚ್ಚಿನವರು ಅದನ್ನು ಕ್ಯಾನ್ಸರ್ ಅನ್ನುತ್ತಾರೆ. ಅಪ್ಪ ಕಾರ್ಲೋ ಸತ್ತಿದ್ದೂ ಹೊಟ್ಟೆಯ ಕಾಯಿಲೆಯಿಂದಲೇ.

ದಂಡಿನ_ದಾರಿ:
ನೋಡಿ, ಕೊನೆಗೂ ಹೊಟ್ಟೆಯೇ!

ಹಳೇ_ಮೇಷ್ಟ್ರು:
ಇದಕ್ಕೆ ಅಂಕ ಇಲ್ಲ.

ಪಟ್ಟಣದ_ಕೋಟೆ:
ಸೇಂಟ್ ಹೆಲೆನಾ ಅಂದಾಗ ನೆನಪಾಯಿತು. ದರಿಯಾ ದೌಲತ್‌ನಲ್ಲಿದ್ದ ವೆಲ್ಲೆಸ್ಲಿ ಊರಿಗೆ ಹೋಗುವಾಗ ಅದೇ ದ್ವೀಪದಲ್ಲಿ ತಂಗಿದ್ದ ಅಂತಾರಲ್ಲ, ಹೌದಾ?

ದಂಡಿನ_ದಾರಿ:
ಹೌದು, 1805ರಲ್ಲಿ. ದಿ ಬ್ರಯರ್ಸ್ ಅನ್ನೋ ಬಂಗಲೆಯಲ್ಲಿ. ಹತ್ತು ವರ್ಷದ ಮೇಲೆ ನೆಪೋಲಿಯನ್‌ನನ್ನು ಅಲ್ಲಿಗೆ ತಂದಾಗ ಲಾಂಗ್‌ವುಡ್ ಮನೆ ಇನ್ನೂ ತಯಾರಿರಲಿಲ್ಲ. ಹಾಗಾಗಿ ಮೊದಲ ಎರಡು ತಿಂಗಳು ಅವನನ್ನು ಇಳಿಸಿದ್ದೂ ಅದೇ ಬ್ರಯರ್ಸ್‌ನ ಹೊರಮನೆಯಲ್ಲಿ. ಅರಕೆರೆ ಮತ್ತು ಎತ್ತಿನ ವಿಷಯಕ್ಕೆ ಬೇರೆ ಚರ್ಚೆ ಶುರುಮಾಡುತ್ತೇನೆ. ಅಮೃತಮಹಲ್ ಕಾವಲುಗಳ ಬಗ್ಗೆ ಗೊತ್ತಿರುವವರು, ಕಡೂರು-ಬೀರೂರು ಕಡೆಯವರು ಯಾರಾದರೂ ಇದ್ದರೆ ಅಲ್ಲಿಗೆ ಬನ್ನಿ.